ನಾಲ್ಕು ಕಣ್ಣಿನ ಆಮೆಯ ಬಾವಿ

ಹಗ್ಗವನ್ನು ಇಲಿ ಕಡಿದಿತ್ತು. ಮೂರು ಕಡೆ. ಶಾಲು ಅದನ್ನು ಗೂಟದಿಂದ ಇಳಿಸಿ ಅಂಗಳದಲ್ಲಿ ಉದ್ದಕ್ಕೆ ಹಾಸಿದಳು. ಅವ್ವ ಸುಭದ್ರಾಬಾಯಿ ಪುಂಡಿನಾರು ನೆನೆಸಿ ತಂದಳು. ಒಬ್ಬಳು ನಾರು ಕೊಟ್ಟಳು, ಒಬ್ಬಳು ಹೊಸೆದಳು. ಕಡಿದ ಜಾಗಕ್ಕೆ ಹೊಸ ನಾರು ಕೂಡಿಸಿ, ಅಂಗೈಗೆ ಉಗುಳು ಹಚ್ಚಿ, ತೊಡೆಯ ಮೇಲೆ ಉಜ್ಜಿ ಉಜ್ಜಿ ಹುರಿ ಮಾಡಿದರು. ಶಾಲುವಿನ ತೊಡೆ ಕೆಂಪಾಯಿತು. ಅವ್ವ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಇನ್ನೊಂದು ತುದಿ ಜಗ್ಗಿ ನೋಡಿದಳು. ಹರಿಯಲಿಲ್ಲ.

ಆ ಹಗ್ಗವನ್ನು ಮೂರು ವರ್ಷದಿಂದ ಯಾರೂ ಮುಟ್ಟಿರಲಿಲ್ಲ.

ಅದು ಮಾಣಿಕನ ಹಗ್ಗ. ಶಾಲುವಿನ ಅಪ್ಪ ಮಾಣಿಕ ಬಾವಿ ಹೂಳು ತೆಗೆಯುವವನು. ಭಾಲ್ಕಿಯಿಂದ ಔರಾದಿಗೆ ಹೋಗುವ ಗಾಡಿದಾರಿಯ ಆಚೆ ಈಚೆ ಯಾವ ಹಳ್ಳಿಯ ಬಾವಿಗೆ ಹೂಳು ತುಂಬಿದರೂ ಹೊಲಗೇರಿಯ ಮಾಣಿಕನಿಗೇ ಕರೆ ಬರುತ್ತಿತ್ತು. ಮೊದಲು ಎತ್ತು ಹೂಡಿ ತೊಗಲಿನ ಮೋಟದಿಂದ ನೀರು ತೋಡುತ್ತಿದ್ದರು. ಬಾವಿ ಬರಿದಾದ ಮೇಲೆ ಮಾಣಿಕ ಇಳಿಯುತ್ತಿದ್ದ. ತೊಡೆಮಟ್ಟ ಕೆಸರಲ್ಲಿ ನಿಂತು ಬುಟ್ಟಿ ತುಂಬಿ ತುಂಬಿ ಮೇಲೆ ಕಳಿಸುತ್ತಿದ್ದ. ಕೆಸರು ಅವನ ಕಿವಿಯಲ್ಲಿ, ಮೂಗಲ್ಲಿ, ಹಲ್ಲಿನ ಸಂದಿಯಲ್ಲಿ. ಅವನು ಮೇಲೆ ಬಂದ ಮೇಲೆ ಊರವರು ಬಾವಿಗೆ ಗೋಮೂತ್ರ ಚಿಮುಕಿಸಿ ಶುದ್ಧ ಮಾಡುತ್ತಿದ್ದರು. ಆಮೇಲೆ ಅದೇ ಬಾವಿಯ ನೀರು ಕುಡಿಯಬೇಕಾದರೆ ಮಾಣಿಕ ದೂರ ಕೂತು ಬೊಗಸೆ ಒಡ್ಡಬೇಕು.

ಅವನದೊಂದು ಪದ್ಧತಿ ಇತ್ತು. ಹೂಳು ತೆಗೆದ ಬಾವಿಗೆ ಮಾಂಜ್ರಾ ಹೊಳೆಯಿಂದ ಒಂದು ಮರಿ ಆಮೆ ತಂದು ಬಿಡುತ್ತಿದ್ದ. ಬಿದ್ದದ್ದನ್ನು, ಸತ್ತದ್ದನ್ನು ತಿಂದು ಆಮೆ ನೀರನ್ನು ತಿಳಿಯಾಗಿಡುತ್ತದೆ. ಚಿಪ್ಪಿನ ಅಂಚಿಗೆ ಸಣ್ಣ ತೂತು ಹಾಕಿ ತಾಮ್ರದ ತಂತಿಯ ಉಂಗುರ ಸಿಕ್ಕಿಸುತ್ತಿದ್ದ. ಇದು ಮಾಣಿಕ ತೆಗೆದ ಬಾವಿ ಅನ್ನಲು ಅದೇ ಗುರುತು. ಊರ ಹೊರಗಿನ ಕಲ್ಲುಬಾವಿಗೆ ಅವನು ಬಿಟ್ಟ ಆಮೆ ಮಾತ್ರ ಬೇರೆ ಥರದ್ದು. ಚಿಪ್ಪು ಒದ್ದೆ ತೊಗಲಿನ ಹಾಗೆ ಮೆತ್ತಗೆ. ಮೂಗು ಕೊಳವೆಯ ಹಾಗೆ. ಬೆನ್ನ ಮೇಲೆ ಕಣ್ಣು ಬರೆದ ಹಾಗೆ ನಾಲ್ಕು ಕಪ್ಪು ಮಚ್ಚೆ.

“ನೋಡವ್ವಾ ಶಾಲು, ನಾಕು ಕಣ್ಣಿಂದು. ನಮ್ಮ ತಳವಾರ ಮಚ್ಛೇಂದ್ರಗ ಎರಡೇ ಅವ, ಅವೂ ಕುಡದಾಗ ಮುಚ್ಚಿರ್ತಾವ. ಊರು ಕಾಯಾಕ ಇದೇ ಛಲೋ,” ಅಂದು ನಕ್ಕಿದ್ದ.

ಅದು ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಮಿಲಿಟರಿ ಬರುವುದಕ್ಕಿಂತ ನಾಲ್ಕು ತಿಂಗಳು ಮೊದಲು.

ರಜಾಕಾರರು ಗಡಿ ಕಡೆಯ ಊರುಗಳನ್ನು ಸುಡುವಾಗ ಕುದುರೆಯ ಮೇಲೆ ಬಂದಿದ್ದರು. ಮಿಲಿಟರಿ ಬಂದಾಗ ಕುದುರೆಯ ಮೇಲೆಯೇ ಓಡಿದರು. ಸೇಡಿಗೆ ಊರವರ ಕೈಗೆ ಸಿಕ್ಕವನು ಪಿಂಜಾರ ಹುಸೇನ. ಅವನ ಮನೆಯಲ್ಲಿದ್ದ ಆಯುಧ ಅಂದರೆ ಅರಳೆ ಹಿಂಜುವ ಬಿಲ್ಲು. ಅವನನ್ನು ಕಡಿದು ಕಲ್ಲುಬಾವಿಗೆ ಹಾಕಿದರು. ಅವನ ಅಣ್ಣನನ್ನು, ಇಬ್ಬರು ಭಾವಂದಿರನ್ನು, ಮಸೀದಿಯಲ್ಲಿ ಬಾಂಗ್ ಕೊಡುವ ಮುದುಕನನ್ನು ಹಾಕಿದರು. ಮಧ್ಯಾಹ್ನ ಬಾವಿಯಿಂದ ದನಿ ಬಂತು. ಹುಸೇನ ಇನ್ನೂ ಸತ್ತಿರಲಿಲ್ಲ.

ಮಾಣಿಕ ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ. ಅವನಿಗೆ ಬಾವಿಯಲ್ಲಿ ಏನಾದರೂ ಬಿದ್ದರೆ ತೆಗೆಯುವುದಷ್ಟೇ ಗೊತ್ತಿತ್ತು. ಹಗ್ಗ ಹಿಡಿಯಲು ಮಚ್ಛೇಂದ್ರನನ್ನು ಕರೆದ. ಮಚ್ಛೇಂದ್ರ ಅವರದೇ ಕೇರಿಯವನು, ಪಾಟೀಲನ ಆಳು. ಶಾಲು ತೊಗರಿ ಹೊಲದಲ್ಲಿ ಕೂತು ನೋಡುತ್ತಿದ್ದಳು. ಆಗ ಅವಳಿಗೆ ಹದಿನಾಲ್ಕು ವರ್ಷ. ಅಪ್ಪನ ತಲೆ ಬಾವಿಯೊಳಗೆ ಇಳಿಯಿತು. ಆಮೇಲೆ ಹಾವಗೆಪ್ಪ ಪಾಟೀಲ ಬಂದ. ಬಾವಿಯೊಳಗೆ ಬಗ್ಗಿ ನೋಡಿದ.

“ಹಗ್ಗ ಎಳಿ,” ಅಂದ.

“ಮಾಣಿಕ ಒಳಗ ಹಾನ್ರಿ, ಪಾಟೀಲ್ರ.”

“ಅದಕ್ಕ ಎಳಿ. ನೋಡಿದಂವ ಮ್ಯಾಲ ಬಂದು ಯಾರ ಮುಂದ ಏನ್ ಹೇಳ್ತಾನೋ.”

ಮಚ್ಛೇಂದ್ರ ಹಗ್ಗ ಎಳೆದುಕೊಂಡ. ಆಮೇಲೆ ಕಲ್ಲು ಬಿದ್ದವು. ಸಂಜೆಗೆ ಬಾವಿ ಸುಮ್ಮನಾಯಿತು. ಬಾವಿಯ ಬಾಯಿಗೆ ಜಾಲಿಮುಳ್ಳು ಒಟ್ಟಿದರು. ಮರುದಿನ ಬೆಳಿಗ್ಗೆ ಹಗ್ಗ ಅವರ ಗುಡಿಸಲ ಮುಂದೆ ಬಿದ್ದಿತ್ತು. ಸುರುಳಿ ಸುತ್ತಿ, ನೆಟ್ಟಗೆ ಇಟ್ಟಿದ್ದರು.

ವಿಚಾರಣೆಗೆ ಬಂದವರ ಮುಂದೆ ಊರು ಒಂದೇ ಮಾತು ಹೇಳಿತು. ಸಾಬರು ಹೈದರಾಬಾದಿಗೆ ಓಡಿಹೋದರು, ಮಾಣಿಕನೂ ಅವರ ಬೆನ್ನು ಹತ್ತಿ ಹೋದ.

ಸುಭದ್ರಾಬಾಯಿ ಕುಂಕುಮ ಅಳಿಸಲು ಹೋದಳು. ಪಾಟೀಲ ಚಾವಡಿಗೆ ಕರೆಸಿದ. “ಗಂಡ ಜಿಂದಾ ಇರೋವಾಗ ಬಳಿ ಒಡಿತಿಯೇನ ಹುಚ್ಚಿ? ಹಚ್ಚಿಕೋ,” ಅಂದ. ಎಲ್ಲರ ಮುಂದೆ ಹಣೆಗೆ ಹಚ್ಚಿಸಿದ. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಕುಂಕುಮ ಹಚ್ಚಿಕೊಂಡೇ ಪಾಟೀಲನ ಕೊಟ್ಟಿಗೆಯ ಸಗಣಿ ಬಾಚಲು ಹೋಗಬೇಕು. ಹಚ್ಚಿದೆಯೋ ಇಲ್ಲವೋ ಅಂತ ಅವನು ನೋಡುತ್ತಿದ್ದ. ಅವಳ ಹಣೆ ಅವನ ಸಾಕ್ಷಿಯಾಗಿತ್ತು.

ಹುಸೇನನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೀದರಿಗೆ ಹೋದಳು. ಹೋಗುವಾಗ ಹಿತ್ತಿಲಿಂದ ಬಂದು ಸುಭದ್ರಾಬಾಯಿಯ ಕೈಗೆ ಒಂದು ಬಿಳಿ ಬಟ್ಟೆ ಕೊಟ್ಟಳು. “ಎಂದಾರೆ ಸಿಕ್ಕರ ಇದರಾಗ ಸುತ್ತಿ ಮಣ್ಣು ಕೊಡ್ರಿ ಅಕ್ಕಾ. ಇಬ್ಬರಿಗೂ ಒಂದೇ ಆದ್ರೂ ನಡೀತದ,” ಅಂದಳು.

ಶಾಲು ಸಾಲಿ ಬಿಟ್ಟಳು. ಹೊಸ್ತಿಲ ಹೊರಗೆ ಕೂತು ಉರ್ದು ಅಕ್ಷರ ಕಲಿತಿದ್ದಳು, ಅಷ್ಟಕ್ಕೇ ನಿಂತಿತು. ಮಾತೂ ಕಡಿಮೆಯಾಯಿತು. ಯಾರು ಯಾವಾಗ ಎಲ್ಲಿ ನೋಡುತ್ತಾರೆ ಅನ್ನುವುದನ್ನು ಮಾತ್ರ ನೋಡುತ್ತಿದ್ದಳು. ಪಾಟೀಲ ಕಲ್ಲುಬಾವಿಯ ದಾರಿ ಹಿಡಿಯುವುದಿಲ್ಲ, ಸುತ್ತು ಹಾಕಿ ಹೊಲಕ್ಕೆ ಹೋಗುತ್ತಾನೆ. ಮಚ್ಛೇಂದ್ರ ಬಾವಿಯ ಕಡೆ ಮುಖ ಮಾಡಿ ಉಚ್ಚೆ ಹೊಯ್ಯುವುದಿಲ್ಲ. ಇದೆಲ್ಲ ಅವಳಿಗೆ ಗೊತ್ತಿತ್ತು.

ಮೂರನೆಯ ಬೇಸಿಗೆಯಲ್ಲಿ ಅವಳು ಕಸಬರಿಗೆ ಮಾರಲು ಭಾಲ್ಕಿಗೆ ಹೋದಳು. ಬಜಾರಿನ ಬೇವಿನ ಗಿಡದ ಕೆಳಗೆ ಜನ ನೆರೆದಿತ್ತು. ಕನ್ನಡಕ ಹಾಕಿದ, ಸಣಕಲು ಮನುಷ್ಯನೊಬ್ಬ ಕಾಗದ ಎತ್ತಿ ತೋರಿಸುತ್ತಿದ್ದ. ನಿಜಾಮೋದ್ದೀನ ಸಾಹೇಬ, ಹೈದರಾಬಾದಿನ ದೊಡ್ಡ ಸರಕಾರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ತಾಯಿಯ ತವರು ಬೀದರ್, ಅದಕ್ಕೆ ಕನ್ನಡ ಬರುತ್ತಿತ್ತು. ಕಾಗದದಲ್ಲಿ ಆಮೆಯ ಚಿತ್ರ. ಬೆನ್ನ ಮೇಲೆ ನಾಲ್ಕು ಕಣ್ಣು.

“ಹೊಳಿ ತುಂಬ ಹುಡುಕೀನಿ. ಎರಡು ತಿಂಗಳಾತು, ಒಂದೂ ಸಿಕ್ಕಿಲ್ಲ,” ಅನ್ನುತ್ತಿದ್ದ. “ಯಾರರೆ ನೋಡೀರೇನ್ರಿ?”

“ಸಾಹೇಬ್ರಿಗಿ ಸಾರು ಮಾಡಾಕ ಬೇಕೇನೋ,” ಅಂದನೊಬ್ಬ. ಜನ ನಕ್ಕರು.

ಶಾಲು ಚಿತ್ರದ ಹತ್ತಿರ ಸರಿದಳು. ಅವಳ ತಲೆಯಲ್ಲಿ ಒಂದೇ ಲೆಕ್ಕ ಓಡಿತು. ಬಾವಿಯೊಳಗಿನ ಆಮೆ ಹಿಡಿಯಬೇಕಾದರೆ ಬಾವಿ ಬರಿದು ಮಾಡಬೇಕು. ಅಪ್ಪ ಹಾಗೇ ಮಾಡುತ್ತಿದ್ದ. ಎತ್ತು ಹೂಡಬೇಕು, ಮೋಟ ಕಟ್ಟಬೇಕು, ತಳ ಕಾಣುವತನಕ ನೀರು ತೋಡಬೇಕು. ಸರಕಾರದ ಸಾಹೇಬ ಹೇಳಿದರೆ ಪಾಟೀಲ ತೋಡಿಸಲೇಬೇಕು. ತಳ ಕಂಡರೆ ಎಲ್ಲ ಕಾಣುತ್ತದೆ. ಹಗಲು ಹೊತ್ತಿನಲ್ಲಿ, ಸರಕಾರದ ಮುಂದೆ.

“ನಮ್ಮೂರ ಬಾವ್ಯಾಗ ಅದರಿ,” ಅಂದಳು.

ಜನ ತಿರುಗಿತು. “ಏ, ಕೇರಿ ಹುಡುಗಿ! ಆಮಿ ನಿನ್ನ ಸಂಗಾಟ ಮಾತಾಡ್ತದೇನು?”

“ಮಾತಾಡಲ್ಲರಿ,” ಅಂದಳು ಶಾಲು. “ನಮ್ಮಪ್ಪನೇ ಬಿಟ್ಟದ್ದು. ಅಂಚಿಗಿ ತಾಮ್ರದ ಉಂಗುರ ಅದ.”

ಸಾಹೇಬ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ನಾಡಿದ್ದು ಬರ್ತೇನಿ, ಬೇಟಿ. ಒಂದು ಗಟ್ಟಿ ಹಗ್ಗ ಇಡ್ರಿ,” ಅಂದ.

ಅದಕ್ಕೇ ಇವತ್ತು ಹಗ್ಗ ಗೂಟದಿಂದ ಇಳಿದಿತ್ತು. ಅವ್ವ ಹೊಸೆದು ಮುಗಿಸಿದ ಮೇಲೆ ಒಳಗೆ ಹೋಗಿ ಗಡಿಗೆಯ ತಳದಿಂದ ಬಿಳಿ ಬಟ್ಟೆ ತೆಗೆದಳು. ಕೊಡವಿದಳು. ಮಡಚಿ ಮಗಳ ಉಡಿಯಲ್ಲಿ ಇಟ್ಟಳು.

ಸಾಹೇಬ ಟಾಂಗಾದಲ್ಲಿ ಬಂದ. ಸೀಲು ಒತ್ತಿದ ಕಾಗದ ಇತ್ತು. ಹಾವಗೆಪ್ಪ ಪಾಟೀಲ ಅದನ್ನು ಎರಡು ಸಲ ತಿರುವಿ ನೋಡಿದ.

“ಅದು ಹಾಳು ಬಾವಿರಿ ಸಾಹೇಬ್ರ. ಕೆಟ್ಟ ಗಾಳಿ ಅದ. ನೀರು ತೋಡಾಕ ಎಂಟು ದಿನಾ ಬೇಕು, ಎತ್ತೂ ಖಾಲಿ ಇಲ್ಲ.”

ಸಾಹೇಬ ಹಟ ಹಿಡಿಯಲಿ ಅಂತ ಶಾಲು ಅವನ ಕಡೆ ತಿರುಗಿದಳು.

“ತೋಡಬ್ಯಾಡ್ರಿ!” ಅಂದ ಸಾಹೇಬ. “ಒಂದು ಕೊಡಾನೂ ತೆಗೀಬ್ಯಾಡ್ರಿ. ನೀರು ಕಲಕಿದ್ರ ಅದು ಸಾಯ್ತದ. ಯಾರರೆ ಹಗೂರಕ ಒಬ್ಬರು ಇಳದು ಹಿಡದು ತಂದ್ರ ಸಾಕು. ಅಳತಿ ತಗೊಂಡು ಅಲ್ಲೇ ಬಿಡ್ತೇನಿ.”

ಪಾಟೀಲನ ಮುಖದ ಬಿಗಿ ಸಡಿಲಾಯಿತು. “ಹಂಗಾದ್ರ ಇಕಿನ್ನೇ ಇಳಸ್ರಿ,” ಅಂದ. “ಊರ ತುಂಬ ಆಮಿ ಆಮಿ ಅಂತ ಕೂಗಿದಾಕಿ ಇಕಿನೆ. ಮಚ್ಛೇಂದ್ರ, ಹಗ್ಗ ಹಿಡಿ.”

“ಹಗ್ಗ ನಮ್ಮವ್ವ ಹಿಡೀತಾಳ,” ಅಂದಳು ಶಾಲು.

ಮಚ್ಛೇಂದ್ರ ಚಾಚಿದ ಕೈ ಹಿಂದೆ ತೆಗೆದುಕೊಂಡ. ಸುಭದ್ರಾಬಾಯಿ ಹಗ್ಗವನ್ನು ಕಲ್ಲಿನ ಕಂಬಕ್ಕೆ ಒಂದು ಸುತ್ತು ಹಾಕಿ, ಉಳಿದದ್ದನ್ನು ತನ್ನ ಸೊಂಟಕ್ಕೆ ಬಿಗಿದು ಗಂಟು ಹಾಕಿದಳು. ಎರಡು ಗಂಟು. ಈ ಹಗ್ಗ ಬೇಕಾದವರು ಇನ್ನು ಅವಳನ್ನೇ ಕಡಿಯಬೇಕು.

ಮುಳ್ಳು ಸರಿಸಿದರು. ಶಾಲು ಸೀರೆಯನ್ನು ಕಚ್ಚೆ ಹಾಕಿ ಇಳಿದಳು. ಬಾವಿಗೆ ಮೆಟ್ಟಿಲಿರಲಿಲ್ಲ. ಕಲ್ಲಿನ ಸಂದಿಯಲ್ಲಿ ಕಾಲ್ಬೆರಳು ಊರಬೇಕು. ಮೊಣಕಾಲು ತರಚಿತು. ಪಾಚಿ ಉಗುರಿನೊಳಗೆ ಹೋಯಿತು. ಮೇಲೆ ನೋಡಿದರೆ ಬಾವಿಯ ಬಾಯಿ ರೊಟ್ಟಿಯಷ್ಟು ಚಿಕ್ಕದಾಗಿತ್ತು. ಸುತ್ತಲೂ ತಲೆಗಳು. ಅಪ್ಪ ಕೊನೆಗೆ ನೋಡಿದ್ದು ಇದನ್ನೇ.

ನೀರು ಎದೆಮಟ್ಟ. ತಣ್ಣಗೆ ಇತ್ತು, ತಿಳಿಯಾಗಿತ್ತು. ಆಮೆ ತನ್ನ ಕೆಲಸ ಮಾಡಿತ್ತು.

ಕಾಲು ಆಡಿಸಿದಳು. ಕಲ್ಲು. ಮತ್ತೆ ಕಲ್ಲು. ಆಮೇಲೆ ಕಲ್ಲಲ್ಲದ್ದು. ಉದ್ದದ್ದು, ನುಣ್ಣನೆಯದು. ಗುಂಡಗಿನದು. ಸತ್ತ ದನ ಎಳೆಯುವವರ ಕೇರಿಯಲ್ಲಿ ಹುಟ್ಟಿದವಳಿಗೆ ಎಲುಬಿನ ಪಾಠ ಬೇಕಿರಲಿಲ್ಲ. ಎತ್ತಿನದು ಹೇಗಿರುತ್ತದೆ, ಆಡಿನದು ಹೇಗಿರುತ್ತದೆ, ಕಣ್ಣು ಮುಚ್ಚಿ ಹೇಳಬಲ್ಲಳು. ಇವು ಎತ್ತಿನವಲ್ಲ, ಆಡಿನವೂ ಅಲ್ಲ.

ಗೋಡೆಯ ಮೂಲೆಯಲ್ಲಿ ಆಮೆ ಸಿಕ್ಕಿತು. ದೊಡ್ಡದಾಗಿತ್ತು, ಮೊರದಷ್ಟು ಅಗಲ. ಬೆನ್ನ ಮೇಲಿನ ಮಚ್ಚೆಗಳು ಮಸುಕಾಗಿದ್ದವು, ಅಂಚಿನಲ್ಲಿ ತಾಮ್ರದ ಉಂಗುರ ಹಾಗೇ ಇತ್ತು. ಕೊರಳು ಚಾಚಿ ಅವಳ ಮುಂಗೈ ಕಚ್ಚಿತು. ರಕ್ತ ಬಂತು. ಅವಳು ಬಿಡಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ಬಂದಿದ್ದ ಬುಟ್ಟಿಗೆ ಹಾಕಿದಳು. ಆಮೇಲೆ ಉಸಿರು ಕಟ್ಟಿ ಮುಳುಗಿ, ಕೈಗೆ ಬಂದದ್ದೊಂದನ್ನು ತೆಗೆದು ಆಮೆಯ ಕೆಳಗೆ ಇಟ್ಟಳು.

ಮೇಲೆ ಬಂದು ಬುಟ್ಟಿಯನ್ನು ಕಟ್ಟೆಯ ಹತ್ತಿರ ಇಳಿಸಿದಳು. ಉಡಿಯಿಂದ ಬಿಳಿ ಬಟ್ಟೆ ತೆಗೆದಳು. ಹಾಸಬೇಕು ಅನ್ನುವಷ್ಟರಲ್ಲಿ ಸಾಹೇಬ ಕೈ ಚಾಚಿ ಬಟ್ಟೆ ತೆಗೆದುಕೊಂಡ.

“ಶಾಬಾಸ್ ಬೇಟಿ. ಇದೇ ಬೇಕಿತ್ತು. ಬಿಸಿಲಿಗಿ ಅದರ ತೊಗಲು ಒಣಗಬಾರದು.”

ಒದ್ದೆ ಬಟ್ಟೆಯನ್ನು ಆಮೆಗೆ ಹೊದಿಸಿದ. ಪಟ್ಟಿ ಹಿಡಿದು ಅಳೆದ, ಮೂಗು ಅಳೆದ, ಬೆರಳು ಎಣಿಸಿದ, ಬರೆದುಕೊಂಡ. “ನೀ ಹೇಳಿದ ಉಂಗುರ ಇದೇ. ಯಾರು ಹಾಕಿದ್ದು?” ಅಂದ.

“ನಮ್ಮಪ್ಪರಿ.”

“ಎಲ್ಲದಾನ ನಿಮ್ಮಪ್ಪ?”

“ಹೈದರಾಬಾದಿಗಿ ಹೋಗ್ಯಾನರಿ,” ಅಂದ ಪಾಟೀಲ.

“ಬುಟ್ಯಾಗ ನೋಡ್ರಿ,” ಅಂದಳು ಶಾಲು.

ಸಾಹೇಬ ಆಮೆಯನ್ನು ಎತ್ತಿದ. ಕೆಳಗೆ ದವಡೆ ಇತ್ತು. ಮನುಷ್ಯನ ದವಡೆ. ಐದು ಹಲ್ಲು ಇನ್ನೂ ಇದ್ದವು. ಎಲೆ ಅಡಿಕೆಯ ಕರೆ ಹಾಗೇ ಇತ್ತು. ಅಪ್ಪನೂ ಎಲೆ ಹಾಕುತ್ತಿದ್ದ, ಹುಸೇನ ಕಾಕಾನೂ ಹಾಕುತ್ತಿದ್ದ. ಯಾರದು ಅಂತ ಅವಳಿಗೆ ತಿಳಿಯಲಿಲ್ಲ.

ಸುಭದ್ರಾಬಾಯಿಗೆ ತಿಳಿಯುವುದು ಬೇಕಿರಲಿಲ್ಲ. ಅವಳು ಎರಡೂ ಕೈ ಎತ್ತಿ ಬಾವಿಯ ಕಟ್ಟೆಗೆ ಅಪ್ಪಳಿಸಿದಳು. ಬಳೆ ಚೂರುಚೂರಾದವು. ಸೆರಗಿನಿಂದ ಹಣೆ ಒರೆಸಿಕೊಂಡಳು. ಹಣೆಯಿಂದ ಮೂಗಿನವರೆಗೆ ಕೆಂಪು ಹರಡಿತು. ಪಾಟೀಲನನ್ನು ನೋಡುತ್ತಾ ನಿಂತಳು.

ನಿಜಾಮೋದ್ದೀನ ಸಾಹೇಬ ದವಡೆಯನ್ನು ನೋಡಿದ. ಬಾವಿಯನ್ನು ನೋಡಿದ. ಕಟ್ಟೆಯ ಸುತ್ತ ನಿಂತವರನ್ನು ಒಬ್ಬೊಬ್ಬರನ್ನೇ ನೋಡಿದ. ನಲವತ್ತು ಜನರಿದ್ದರು. ಅವರ ನಡುವೆ ಸಾಬರ ಹೆಸರಿನವನು ಅವನೊಬ್ಬನೇ. ಟಾಂಗಾ ದೂರ ನಿಂತಿತ್ತು.

“ಬಕರಿ ಎಲುಬು,” ಅಂದ.

“ಹೌದ್ರಿ, ಬಕರಿದೇ,” ಅಂದ ಪಾಟೀಲ ಕೂಡಲೇ. “ನರಿ ಎಳದು ಹಾಕಿರ್ತಾವ. ಏ ಹುಡುಗಿ, ಅದನ್ನ ಒಳಗ ಒಗಿ.”

ಶಾಲು ದವಡೆಯನ್ನು ಎತ್ತಿ ಎದೆಗೆ ಹಿಡಿದಳು. “ಒಗಿಯಲ್ಲ.”

“ಏನಂದಿ?”

“ಒಗಿಯಲ್ಲಂದೆ.”

ಹೊಲಗೇರಿಯವರು ಪಾಟೀಲನಿಗೆ ‘ಇಲ್ಲ’ ಅಂದದ್ದನ್ನು ಊರು ಕೇಳಿರಲಿಲ್ಲ. ಯಾರೋ ಕೆಮ್ಮಿದರು. ಪಾಟೀಲ ನಗಲು ನೋಡಿದ.

“ಸಾಹೇಬ್ರ ಮುಂದ ಸೊಕ್ಕು ಮಾಡಬ್ಯಾಡ. ಆಮಿ ತಗೊಂಡು ಇಳಿ. ಮೆಲ್ಲಕ ಬಿಟ್ಟು ಬಾ.”

“ನಾ ಇಳಿಯಲ್ಲ,” ಅಂದಳು ಶಾಲು. ದನಿ ಸಣ್ಣದಿತ್ತು. ಆದರೆ ಎಲ್ಲರಿಗೂ ಕೇಳಿತು. “ನಮ್ಮಪ್ಪ ಇಳದಾಗ ನೀವು ಹಗ್ಗ ಎಳಕೊಂಡ್ರಿ. ಮಚ್ಛೇಂದ್ರ ಕಾಕಾ, ಹೌದಿಲ್ಲೋ ಹೇಳು. ನಾ ತೊಗರ್ಯಾಗ ಕುಂತು ನೋಡೀನಿ.”

ಮಚ್ಛೇಂದ್ರ ತನ್ನ ಕೈಗಳನ್ನು ನೋಡಿಕೊಂಡ. ಬಾಯಿ ತೆರೆದ. ಪಾಟೀಲ ಒಮ್ಮೆ ಅವನ ಕಡೆ ಕಣ್ಣು ಹಾಯಿಸಿದ. ಬಾಯಿ ಮುಚ್ಚಿತು.

ಸಾಹೇಬ ಅವಳ ಹತ್ತಿರ ಬಂದ. ದವಡೆಯನ್ನು ಅವಳ ಕೈಯಿಂದ ಕಿತ್ತುಕೊಳ್ಳಲಿಲ್ಲ. ಎರಡೂ ಕೈ ಒಡ್ಡಿ ನಿಂತ. “ಕೊಡು ಬೇಟಿ,” ಅಂದ, ಅವಳಿಗೊಬ್ಬಳಿಗೇ ಕೇಳುವ ಹಾಗೆ. “ನನಗೂ ಮನಿ ಅದ, ಮಕ್ಕಳವ. ನಾ ಇಲ್ಲಿಂದ ಹೋಗಬೇಕು.”

ಅವಳ ಕೈ ಮರಗಟ್ಟಿತ್ತು. ಅವನು ಬೆರಳು ಒಂದೊಂದಾಗಿ ಬಿಡಿಸಿದ. ದವಡೆಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟ. ಮೇಲೆ ಆಮೆಯನ್ನಿಟ್ಟ. ಸುಭದ್ರಾಬಾಯಿಯ ಸೊಂಟದ ಗಂಟು ಬಿಚ್ಚಿಸಿ ಅದೇ ಹಗ್ಗದಲ್ಲಿ ಬುಟ್ಟಿ ಇಳಿಸಿದರು. ಇಳಿಸುವಾಗ ಸಾಹೇಬನ ತುಟಿ ಅಲುಗಿದವು. ಮಣ್ಣು ಕೊಡುವಾಗ ಸಾಬರು ಓದುವುದನ್ನು ಓದಿಕೊಳ್ಳುತ್ತಿದ್ದ. ಉಳಿದವರಿಗೆ ಕಾಣಲಿಲ್ಲ. ಶಾಲುವಿಗೆ ಕಂಡಿತು. ಅವನಿಗೆ ಗೊತ್ತಿತ್ತು.

ಮಳೆಗಾಲದ ಮೊದಲೇ ಹುಕುಂ ಬಂತು. ಇಂಥ ಆಮೆ ಬೇರೆಲ್ಲೂ ಸಿಕ್ಕಿಲ್ಲ, ಇದನ್ನು ಕಾಪಾಡಬೇಕು. ಬಾವಿಯ ಬಾಯಿ ಮುಚ್ಚಲು ಬೀದರಿನಿಂದ ಕೀಲಿ ಹಾಕುವ ಕಬ್ಬಿಣದ ಜಾಳಿಗೆ ಬಂತು. ಅದನ್ನು ಗಾಡಿಯಿಂದ ಇಳಿಸಿ ಹೊತ್ತು ತಂದವರು ಹೊಲಗೇರಿಯ ಗಂಡಸರು, ಬಿಟ್ಟಿಗೆ. ಸುಣ್ಣದ ಗಾರೆ ಕಲಸಿದವಳು ಸುಭದ್ರಾಬಾಯಿ. ಸುಣ್ಣಕ್ಕೆ ಅವಳ ಅಂಗೈ ಸೀಳಿತು. ಪಾಟೀಲ ಮುಂದೆ ನಿಂತು ಮಾಡಿಸಿದ. ಮೂರು ವರ್ಷ ಆ ದಾರಿ ಹಿಡಿಯದವನು ಈಗ ದಿನಾ ಬಂದು ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದ. ಕೀಲಿಕೈ ಅವನ ಉಡಿದಾರಕ್ಕೆ ಬಂತು. ಆಮೆಗೆ ಅಂತ ಅವನ ಮನೆಯಿಂದ ರೊಟ್ಟಿ ತುಣುಕು, ಮೀನು ಬರುತ್ತಿತ್ತು. ಬಂದು ಹೋಗುವವರ ಮುಂದೆ, “ಮೂಕ ಜೀವ ನೋಡ್ರಿ, ಪಾಪ,” ಅನ್ನುತ್ತಿದ್ದ.

ಒಂದು ಹಲಗೆ ನೆಟ್ಟರು. ಮೇಲೆ ಉರ್ದು, ಕೆಳಗೆ ಕನ್ನಡ. ಶಾಲು ಅಕ್ಷರ ಕೂಡಿಸಿ ಓದಿದಳು. ಈ ಬಾವಿಗೆ ಇಳಿಯುವುದು, ಇದರ ನೀರು ತೋಡುವುದು, ಇದರೊಳಗಿನ ಏನನ್ನೂ ಹೊರಗೆ ತೆಗೆಯುವುದು ಅಪರಾಧ.

ಸಾಹೇಬರು ಏನಾದರೂ ಕಂಡರೆ ಎತ್ತಿಕೊಂಡು ಹೋಗುತ್ತಾರೆ ಅಂತ ಅವಳು ಎಣಿಸಿದ್ದಳು. ಇಟ್ಟು ಕೀಲಿ ಹಾಕುತ್ತಾರೆ ಅಂತ ಎಣಿಸಿರಲಿಲ್ಲ. ಮುಳ್ಳನ್ನಾದರೆ ಯಾವತ್ತಾದರೂ ಸರಿಸಬಹುದಿತ್ತು. ಕಬ್ಬಿಣವನ್ನು ಅವಳೇ ಕರೆತಂದಿದ್ದಳು.

ಬಾವಿಯ ಸುತ್ತ ಕಸ ಹೊಡೆಯುವ ಕೆಲಸವನ್ನು ಪಾಟೀಲ ಅವಳಿಗೇ ಹಚ್ಚಿದ. ಸುಭದ್ರಾಬಾಯಿಯನ್ನು ಚಾವಡಿಗೆ ಕರೆಸಿ ಮತ್ತೆ ಕುಂಕುಮ ಹಚ್ಚಿಸಿದ. ಅವಳು ಮನೆಗೆ ಬಂದು ಒರೆಸಿದಳು. ಮರುದಿನ ಮತ್ತೆ ಕರೆಸಿದ. ಮತ್ತೆ ಒರೆಸಿದಳು. ಹಣೆಯ ತೊಗಲು ಕಿತ್ತು ಹುಣ್ಣಾಯಿತು.

ಶ್ರಾವಣದಲ್ಲಿ ಬೀದರಿನಿಂದ ದೊಡ್ಡ ಸಾಹೇಬರು ಬಂದರು. ನಿಜಾಮೋದ್ದೀನ ಸಾಹೇಬನೂ ಬಂದ. ಹಾರ, ಖುರ್ಚಿ, ಚಹಾ. ಊರೆಲ್ಲ ನೆರೆಯಿತು. ಕೇರಿಯವರು ಹಲಗೆಯ ಆಚೆ ನಿಂತರು. ದೊಡ್ಡ ಸಾಹೇಬರು ಜಾಳಿಗೆಯೊಳಗೆ ಬಗ್ಗಿ ನೋಡಿ ತಲೆದೂಗಿದರು. ನಮ್ಮ ಜಿಲ್ಲೆಯ ಹೆಸರು ಪರದೇಶಕ್ಕೆ ಹೋಯಿತು ಅಂದರು. ಪಾಟೀಲನ ಕೊರಳಿಗೆ ತಮ್ಮ ಕೈಯಾರೆ ಹಾರ ಹಾಕಿದರು. ಆಮೇಲೆ ಕೇಳಿದರು:

“ಇದನ್ನ ಹಿಡಿದ ಹುಡುಗಿ ಯಾರು?”

“ಇಕಿನೇರಿ. ನಮ್ಮೂರ ಮಗಳೇ,” ಅಂದ ಪಾಟೀಲ. “ಬಾರವ್ವಾ ಶಾಲುಬಾಯಿ. ನಾಚಬ್ಯಾಡ.”

ಹುಟ್ಟಿದಂದಿನಿಂದ ಅವನು ಅವಳನ್ನು ಪೂರ್ತಿ ಹೆಸರಿಂದ ಕರೆದದ್ದು ಅದೇ ಮೊದಲು. ಅವಳು ಬಂದಳು. ಕೈಯಲ್ಲಿ ಕಸಬರಿಗೆ ಹಾಗೇ ಇತ್ತು. ಮುಂಗೈ ಮೇಲೆ ಆಮೆ ಕಚ್ಚಿದ ಕಲೆ.

“ಒಳ್ಳೆ ಕೆಲಸ ಮಾಡಿದಿ, ತಂಗಿ,” ಅಂದರು ದೊಡ್ಡ ಸಾಹೇಬರು. “ನಿನಗ ಏನರೆ ಬೇಕೇನು? ಕೇಳು.”

ಪಾಟೀಲನ ಮಗ್ಗುಲಲ್ಲಿ ತಟ್ಟೆಯಲ್ಲಿ ಒಂದು ಸೀರೆ ಸಿದ್ಧವಿತ್ತು. ನಿಜಾಮೋದ್ದೀನ ಸಾಹೇಬ ಕನ್ನಡಕ ತೆಗೆದು ಒರೆಸತೊಡಗಿದ. ಮಚ್ಛೇಂದ್ರ ಗುಂಪಿನ ಹಿಂದೆ ಸರಿದ.

ಶಾಲು ಕಸಬರಿಗೆಯನ್ನು ನೆಲಕ್ಕಿಟ್ಟಳು.

“ಕೀಲಿ ತಗಸ್ರಿ,” ಅಂದಳು.

ಒಳಗೆ ಆಮೆ ಉಸಿರಿಗೆ ಮೇಲೆ ಬಂದು ಮುಳುಗಿದ ಸದ್ದಾಯಿತು. ಸಾಹೇಬ ಕನ್ನಡಕ ಒರೆಸುತ್ತಲೇ ಇದ್ದ. ದೊಡ್ಡ ಸಾಹೇಬರಿಗೆ ಕೇಳಿಸಲಿಲ್ಲವೇನೋ ಅಂತ ಅವಳು ಇನ್ನೊಂದು ಸಲ, ಮೊದಲಿಗಿಂತ ಗಟ್ಟಿಯಾಗಿ ಅಂದಳು.

“ಕೀಲಿ ತಗಸ್ರಿ, ಸಾಹೇಬ್ರ. ನಮ್ಮಪ್ಪ ಒಳಗ ಅದಾನರಿ. ಹುಸೇನ ಕಾಕಾ ಅದಾನರಿ. ಹೊರಗ ತಗದು ಕೊಡ್ರಿ.”